ನಾನೂರು ಗ್ರಾಂ

ಮೆರುಗಿನ ಲ್ಯಾಕರ್ ಬಳಿಯುವ ಮೊದಲು ಗಿಟಾರಿನ ಮರವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತೇನೆ. ಎಳೆಗಳು ಎದ್ದು ನಿಲ್ಲುತ್ತವೆ. ಒಣಗಿದ ಮೇಲೆ ಸ್ಯಾಂಡ್‌ಪೇಪರ್‌ನಿಂದ ಉಜ್ಜಬೇಕು. ಒಣಗಿದೆಯೋ ಇಲ್ಲವೋ ಎಂಬುದನ್ನು ನಾನು ತೂಗಿಯೇ ನಂಬುವವನು.

ಈ ಗಿಟಾರನ್ನು ತಂದವರು ಒಬ್ಬ ಟೀಚರ್. ಕೆತ್ತಿದ್ದು ಅವರ ಗಂಡ. ತಂತಿ ಕಟ್ಟುವ ಮುಂಚೆಯೇ ತೀರಿಕೊಂಡರಂತೆ. ಒರೆಸುವ ಮೊದಲು ಸರಿಯಾಗಿ ಎರಡು ಕಿಲೋ ಇತ್ತು. ಮರುದಿನ ಮುಟ್ಟಿದರೆ ಪೂರ್ತಿ ಒಣಗಿತ್ತು, ತೂಕ ಮಾತ್ರ ಎರಡು ಕಿಲೋ ನಾನೂರು ಗ್ರಾಂ. ನುಡಿಸುವವರು ಮುಂಗೈ ಊರುವ ಅಂಚು ಬೆಚ್ಚಗಿತ್ತು, ಯಾರೋ ಈಗಷ್ಟೇ ಕೈ ತೆಗೆದ ಹಾಗೆ. ಮೂರು ದಿನ ಕಾದರೂ ಒಂದು ಗ್ರಾಂ ಇಳಿಯಲಿಲ್ಲ.

ಟೀಚರನ್ನು ಕರೆಸಿ ತೋರಿಸಿದೆ. ಅವರು ಆ ಅಂಚಿನ ಮೇಲೆ ಅಂಗೈಯಿಟ್ಟು ಸುಮಾರು ಹೊತ್ತು ನಿಂತರು.

"ಲ್ಯಾಕರ್ ಗೀಕರ್ ಏನೂ ಬೇಡ ಅಣ್ಣಾ. ಹೀಗೇ ಮನೆಗೆ ಕರ್ಕೊಂಡು ಹೋಗ್ತೀನಿ."

ತಕ್ಕಡಿಯಿಂದ ಗಿಟಾರನ್ನು ಎತ್ತಿ, ಅವಚಿಕೊಂಡು ಹೋದರು. ಖಾಲಿ ತಟ್ಟೆಯ ಮುಳ್ಳು ನಾನೂರರಲ್ಲಿ ನಿಂತಿತು. ಮುಟ್ಟಿ ನೋಡಿದೆ, ತಟ್ಟೆ ಬೆಚ್ಚಗಿತ್ತು.

ನಿನ್ನೆ ಅವರ ಫೋನ್ ಬಂತು. "ಅಣ್ಣಾ, ಇದು ತಣ್ಣಗಾಗ್ಬಿಟ್ಟಿದೆ. ನಿಮ್ಮಲ್ಲೇ ಏನಾದ್ರೂ ಬಿಟ್ಟು ಬಂದ್ನಾ?"

ಇಲ್ಲ ಅಂದೆ. ಮುಳ್ಳು ಇನ್ನೂ ಅಲ್ಲೇ ಇದೆ.