ಎರಡನೆಯ ಕುರ್ಚಿ

"ಗೆರೆ ತುಳಿಯಡ ಮಾರಾಯ್ತಿ!"

ನೀಲಾ ಎತ್ತಿದ ಕಾಲನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದಳು. ಎದುರಿಗೆ ರಘುಪತಿ ಬಗ್ಗಿಕೊಂಡು, ಎಳೆದು ಕಟ್ಟಿದ ಹಗ್ಗದ ನೇರಕ್ಕೆ ಸುಣ್ಣದ ಪುಡಿ ಉದುರಿಸುತ್ತಿದ್ದ. ಮೊಣಕೈವರೆಗೂ ಬಿಳಿ. ಹುಬ್ಬಿನ ಮೇಲೂ ಚಿಟಿಕೆ ಬಿಳಿ. ಅದು ಸುಣ್ಣವೋ ವಯಸ್ಸೋ ಎಂದು ನೋಡುತ್ತ ಅವಳು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನಿಂತಳು.

"ಎಂತ ಹಂಗೆ ನೋಡದು?"

"ಹವಾಲ್ದಾರರ ಗೆರೆ ಸೊಟ್ಟ ಆಯ್ದಾ ಹೇಳಿ ನೋಡ್ತಾ ಇದ್ದೆ."

"ಇಷ್ಟು ವರ್ಷದಲ್ಲಿ ಒಂದ್ಸಲನಾದ್ರೂ ಸೊಟ್ಟ ಆಯ್ದಾ?"

"ಇಲ್ಲೆ. ಅದೇ ತೊಂದ್ರೆ."

ಅವನು ತಲೆ ಎತ್ತಿದ. ನಗಬೇಕೋ ಬೇಡವೋ ಎಂದು ತುಟಿ ಸ್ವಲ್ಪ ಯೋಚಿಸಿತು. ಆಮೇಲೆ ಮತ್ತೆ ಹಗ್ಗದ ಕಡೆ ಬಗ್ಗಿದ.

ನೀಲಾ ಸಿದ್ದಾಪುರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಸುತ್ತಮುತ್ತ ಯಾರಿಗೇ ಸನ್ಮಾನವಾಗಲಿ, ಸನ್ಮಾನ ಪತ್ರ ಬರೆಯುವುದೂ ವೇದಿಕೆಯ ಮೇಲೆ ಓದುವುದೂ ಅವಳೇ. ಈ ಭಾನುವಾರ ವಾಲಿಬಾಲ್ ಫೈನಲ್ ಮುಗಿದ ಮೇಲೆ ರಘುಪತಿಗೆ ಸನ್ಮಾನ. ಮೂರು ವರ್ಷದಿಂದ ತಪ್ಪಿಸಿಕೊಂಡವನನ್ನು ಕ್ಲಬ್ಬಿನ ಕಾರ್ಯದರ್ಶಿ ಕೆರಿಯಪ್ಪ ಹೇಗೋ ಒಪ್ಪಿಸಿ, "ಟೀಚರ್, ಅವ್ನ ಬಾಯಿ ಬಿಡಿಸೋದು ನಿಮ್ಮಿಂದ ಮಾತ್ರ ಸಾಧ್ಯ" ಎಂದು ಅವಳನ್ನು ಮೈದಾನಕ್ಕೆ ಅಟ್ಟಿದ್ದ.

ಅವಳು ನೋಟ್‌ಬುಕ್ ತೆಗೆದು ಗೆರೆಯ ಆಚೆಗೇ ಕೂತಳು.

"ಕಾರ್ಗಿಲ್ ಬಗ್ಗೆ ಎಂತ ಬರೀಲಿ?"

"ಚಳಿ ಇತ್ತು ಹೇಳಿ ಬರಿ."

"ಮತ್ತೆ?"

"ರಾಶಿ ಚಳಿ ಇತ್ತು."

ಅವನ ಬಲ ಮೊಣಕಾಲಿನೊಳಗೆ ಆ ಯುದ್ಧದ ಒಂದು ಕಬ್ಬಿಣದ ಚೂರು ಇನ್ನೂ ಇತ್ತು. ಮೆಟ್ಟಿಲು ಕಂಡಾಗ ಮಾತ್ರ ಅದು ಮಾತಾಡುತ್ತಿತ್ತು. ಉಳಿದಂತೆ ಅವನೂ ಸುಮ್ಮನೆ, ಅದೂ ಸುಮ್ಮನೆ.

"ಮನೆ ಬಗ್ಗೆ?" ಎಂದಳು.

ಈಗ ಸುಣ್ಣದ ಡಬ್ಬಿ ಕೆಳಗಿಳಿಯಿತು. ಅವನು ಗಾಯಗೊಂಡು ಊರು ದೊಡ್ಮನೆಗೆ ಮರಳಿದ ವರ್ಷವೇ ಅಣ್ಣ ತೀರಿಕೊಂಡಿದ್ದ. ಅತ್ತಿಗೆ ಶ್ರೀವಾಣಿಯ ಸೊಂಟದ ಮೇಲೆ ವರ್ಷ ತುಂಬದ ದೀಕ್ಷಿತಾ. ಆ ಮಗುವಿಗೆ ಅವನೇ ಅಪ್ಪನಾದ. ನಡೆಯಲು ಕಲಿಸಿದ, ಸೈಕಲ್ ಕಲಿಸಿದ, ಬಾಲ್ ಎತ್ತಿ ಹೊಡೆಯಲು ಕಲಿಸಿದ. ಅದು ಯೂನಿವರ್ಸಿಟಿ ತಂಡಕ್ಕೆ ಆಡಿತು. ಹೋದ ತಿಂಗಳು ಮದುವೆಯಾಗಿ ಯಲ್ಲಾಪುರಕ್ಕೆ ಹೋಯಿತು.

"ಮದ್ವೆ ಹಿಂದಿನ ದಿನ, ಮದರಂಗಿ ಕೈಯಲ್ಲೇ ಹತ್ತು ಸರ್ವ್ ಮಾಡಿತ್ತು, ಗೊತ್ತಿದ್ದಾ?" ಎಂದ. "ಬಾಲ್ ಮೇಲೆ ಇನ್ನೂ ಕೆಂಪು ಬೆರಳು ಇದ್ದು. ಆನು ಒರೆಸಿದ್ನಿಲ್ಲೆ."

ನೀಲಾ ಅದನ್ನು ಬರೆದುಕೊಳ್ಳಲಿಲ್ಲ. ಅಂಥದ್ದು ಸನ್ಮಾನ ಪತ್ರಕ್ಕೆ ಹೋಗುವುದಿಲ್ಲ, ಎದೆಗೆ ಹೋಗುತ್ತದೆ.

ಕೆರಿಯಪ್ಪ ಕೊಟ್ಟ ಅಚ್ಚಿನ ನಮೂನೆಯ ಕೊನೆಯ ಸಾಲಿನಲ್ಲಿ ಅವಳ ಪೆನ್ನು ನಿಂತಿತು. 'ಧರ್ಮಪತ್ನಿ ಶ್ರೀಮತಿ' ಎಂದಿತ್ತು. ಆಮೇಲೆ ಉದ್ದಕ್ಕೆ ಚುಕ್ಕಿಗಳು. ಆಮೇಲೆ 'ಅವರೊಂದಿಗೆ ಈ ಗೌರವವನ್ನು ಸ್ವೀಕರಿಸಬೇಕು.' ರಘುಪತಿ ಆ ಚುಕ್ಕಿಗಳನ್ನು ತಲೆಕೆಳಗಾಗಿಯೇ ಓದಿದ.

"ಅದ್ನ ಬಿಟ್ಟುಬಿಡು."

"ಬಿಡ್ಲಾ?"

ಅವನು ನೆಟ್ಟಗಿದ್ದ ಹಗ್ಗವನ್ನೇ ಮತ್ತೊಮ್ಮೆ ಎಳೆದ. "ಇನ್ನೊಂದು ಬರ್ಕ. ಇದು ಕಡೇ ಟೂರ್ನಮೆಂಟು. ಆ ರೆಫ್ರಿ ಸ್ಟ್ಯಾಂಡ್ ಹತ್ತಲೆ ಇನ್ನು ಕಾಲು ಕೇಳ್ತಿಲ್ಲೆ."

ಪೆನ್ನು ಕಾಗದದ ಮೇಲೆ ಒಂದು ದೊಡ್ಡ ಚುಕ್ಕಿ ಬಿಟ್ಟಿತು.

ಅವಳಿಗಿದ್ದ ಆಸ್ತಿ ಒಂದೇ, ಒಂದು ನೋಟ. ಇಪ್ಪತ್ತು ವರ್ಷದಿಂದ ಅವನು ನೆಟ್ಟಿನ ಪಕ್ಕದ ಎತ್ತರದ ಸ್ಟ್ಯಾಂಡಿನ ಮೇಲೆ, ಅವಳು ಅಂಕಣದ ಆಚೆ ಸ್ಕೋರ್ ಬರೆಯುವ ಮೇಜಿನಲ್ಲಿ. ಆಟಗಾರರು ಬದಲಾದಾಗೆಲ್ಲ ಸ್ಕೋರರ್ ಬರೆದು ಮುಗಿಸಿ ಎರಡೂ ಕೈ ಎತ್ತಬೇಕು. ಅಲ್ಲಿಯವರೆಗೆ ರೆಫ್ರಿ ಸರ್ವಿಗೆ ಸೀಟಿ ಊದುವುದಿಲ್ಲ, ಕಾಯುತ್ತಾನೆ. ಸೀಟಿ ತುಟಿಗಳ ನಡುವೆ, ಕಣ್ಣು ಅವಳ ಮೇಲೆ.

ಬರೆದು ಮುಗಿದಿದ್ದರೂ ಅವಳು ಒಂದೆರಡು ಕ್ಷಣ ಪೆನ್ನು ಆಡಿಸುತ್ತಿದ್ದಳು. ಹುಡುಗರು "ನೀಲಾ ಟೀಚರ್ ಬರವಣಿಗೆ ನಿಧಾನ" ಎಂದು ನಗುತ್ತಿದ್ದರು. ಅವನು ಮಾತ್ರ ಒಮ್ಮೆಯೂ ಅವಸರ ಮಾಡಲಿಲ್ಲ.

ಭಾನುವಾರ ಕಳೆದರೆ ಅದೂ ಇಲ್ಲ.

ಸಿರ್ಸಿಯ ಕಾಲೇಜಿನಲ್ಲಿ ಅವನು ತಂಡದ ಕ್ಯಾಪ್ಟನ್. ಅವಳು ಸ್ಕೋರ್ ಬರೆಯುವುದನ್ನು ಕಲಿತದ್ದೇ ಆಗ. ಸೈನ್ಯಕ್ಕೆ ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಬಗ್ಗಿ, "ಒಂದು ಮಾತು ಹೇಳದು ಇದ್ದು ನೀಲಾ. ರಜೆಗೆ ಬಂದಾಗ ಹೇಳ್ತೆ" ಎಂದಿದ್ದ. ಅವಳ ಅಜ್ಜಿಯ ಕಥೆಗಳಲ್ಲಿ ರಾಜಕುಮಾರ ಏಳು ಸಮುದ್ರ ದಾಟಿ ಬಿಳಿ ಕುದುರೆಯ ಮೇಲೆ ಮರಳುತ್ತಿದ್ದ. ಇವಳ ರಾಜಕುಮಾರ ಕೆಂಪು ಬಸ್ಸಿನಿಂದ, ಕೋಲು ಊರಿಕೊಂಡು ಇಳಿದ. ಅವನಿಗಾಗಿ ಮನೆಯಲ್ಲಿ ಮೂರು ಜೀವಗಳ ಭಾರ ಕಾದಿತ್ತು: ಅಮ್ಮ, ಅತ್ತಿಗೆ, ಮಗು. ಆ ಮಾತು ಎಲ್ಲೋ ಹಿಮದಲ್ಲೇ ಉಳಿಯಿತು.

ಬಂದ ಸಂಬಂಧಗಳಿಗೆಲ್ಲ ನೀಲಾ ಏನಾದರೊಂದು ಕೊರತೆ ಹುಡುಕಿದಳು. ಅಜ್ಜಿ ಮಾತ್ರ ಅವಳ ತಲೆ ಬಾಚುತ್ತ, "ಕಥೆ ಮುಗಿದ್ದಿಲ್ಲೆ ಕೂಸೆ, ಹೂಂಗುಡ್ತಾ ಇರು" ಎನ್ನುತ್ತಿದ್ದಳು. ಹೂಂಗುಟ್ಟುತ್ತ ನಲವತ್ತೈದಾಯಿತು.

ಭಾನುವಾರ ಫೈನಲ್ ಐದನೇ ಸೆಟ್ಟಿಗೆ ಹೋಯಿತು. ಕೊನೆಯ ಸಲ ಆಟಗಾರ ಬದಲಾದಾಗ ನೀಲಾ ಬರೆದು, ಪೆನ್ನು ಕೆಳಗಿಟ್ಟು, ಸುಮ್ಮನೆ ಅವನನ್ನು ನೋಡಿದಳು. ಅವನೂ ನೋಡಿದ. ಮೈದಾನವೆಲ್ಲ "ಟೀಚರ್! ಟೀಚರ್!" ಎಂದು ಕೂಗಿತು. ಆಮೇಲಷ್ಟೇ ಅವಳು ಕೈ ಎತ್ತಿದಳು.

ಪಂದ್ಯ ಮುಗಿಯಿತು. ವೇದಿಕೆಯ ಮೇಲೆ ಎರಡು ಕುರ್ಚಿಗಳಿದ್ದವು. ಇಲ್ಲಿ ಸನ್ಮಾನ ದಂಪತಿಗೇ. ಶಾಲು ಗಂಡನಿಗೆ, ಹೂವು ಹೆಂಡತಿಗೆ. ಪೆಂಡಾಲಿನವರು ಅಭ್ಯಾಸಬಲದಿಂದ ಎರಡು ಹಾಕಿಬಿಟ್ಟಿದ್ದರು. ಕೆರಿಯಪ್ಪ ನಾಲಿಗೆ ಕಚ್ಚಿಕೊಂಡ.

"ಏ, ಒಂದು ಕುರ್ಚಿ ತೆಗೀರೋ!"

"ಇರ್ಲಿ ಬಿಡು ಕೆರಿಯಪ್ಪ," ಎಂದ ರಘುಪತಿ. ಕೈಯಲ್ಲಿದ್ದ, ಸುಣ್ಣ ಮೆತ್ತಿದ ಪಂದ್ಯದ ಬಾಲನ್ನು ಆ ಖಾಲಿ ಕುರ್ಚಿಯ ಮೇಲಿಟ್ಟು, ಪಕ್ಕದಲ್ಲಿ ಕೂತ. ಜನ ನಕ್ಕರು. ಮುಂದಿನ ಸಾಲಿನಲ್ಲಿದ್ದ ಶ್ರೀವಾಣಿ ನಗಲಿಲ್ಲ.

ಶಾಲು ಹೊದಿಸಿದರು, ಹಾರ ಹಾಕಿದರು. ನೀಲಾ ಓದತೊಡಗಿದಳು. ಯುದ್ಧ, ಪದಕ, ಅವನು ತಯಾರು ಮಾಡಿದ ತಂಡಗಳು, ಅವನು ಬೆಳೆಸಿದ ಮಗು. ಕೊನೆಯ ಸಾಲು ಬಂತು. ಅವಳು ಅದನ್ನು ಹೊಡೆದು ಹಾಕಿರಲಿಲ್ಲ. ಮೂರು ದಿನ ಪ್ರಯತ್ನಿಸಿದ್ದಳು, ಆಗಿರಲಿಲ್ಲ.

"ಧರ್ಮಪತ್ನಿ ಶ್ರೀಮತಿ..."

ಮೈಕು ಗುಂಯ್ ಎಂದಿತು. ಅವಳ ಬೆರಳು ಚುಕ್ಕಿಗಳ ಮೇಲೆ ನಿಂತಿತು.

"ಓದೇ ತಂಗಿ," ಎಂದಳು ಶ್ರೀವಾಣಿ ಕೆಳಗಿನಿಂದ, ಸ್ಪಷ್ಟವಾಗಿ. ಆಮೇಲೆ ಮೈದುನನ ಕಡೆ ತಿರುಗಿದಳು. "ರಘು, ನನ್ನ ಮಗಳು ಅದರ ಮನೆಗೆ ಹೋತು. ಇನ್ನು ಯಾರ ಹೆಸರು ಹೇಳಿ ತಪ್ಪಿಸ್ಕಂಬದು ನೀನು?"

ರಘುಪತಿ ಎದ್ದ. ಬಾಲನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡ. ಕುಂಟುತ್ತ ಎರಡು ಹೆಜ್ಜೆ ಬಂದು ಮೈಕನ್ನು ಅಂಗೈಯಿಂದ ಮುಚ್ಚಿದ.

"ರಜೆಗೆ ಬಂದಾಗ ಹೇಳ್ತೆ ಹೇಳಿದ್ದೆ," ಎಂದ, ಅವಳಿಗೆ ಮಾತ್ರ ಕೇಳುವಷ್ಟು. "ಇವತ್ತು ರಜೆ ಸಿಕ್ತು ನೀಲಾ. ರಾಶಿ ತಡ ಆತು. ಆ ಕುರ್ಚಿ ನಿಂದು. ಅವತ್ತಿಂದನೂ ನಿಂದೇ."

ಅವಳ ಕಣ್ಣಿನಲ್ಲಿ ಅಕ್ಷರಗಳೆಲ್ಲ ಕಲಸಿಹೋದವು. ಅವನು ಎಂದಿನಂತೆ ಅವಳನ್ನೇ ನೋಡುತ್ತ ಕಾದ. ಅವಸರವಿಲ್ಲದೆ, ಸೀಟಿಯೊಂದು ತುಟಿಯ ಮೇಲಿದ್ದಂತೆ.

ನೀಲಾ ಪೆನ್ನು ತೆಗೆದು ಆ ಚುಕ್ಕಿಗಳ ಮೇಲೆ ತನ್ನ ಹೆಸರು ಬರೆದಳು. ಈ ಸಲ ಒಂದು ಕ್ಷಣವೂ ತಡ ಮಾಡಲಿಲ್ಲ. ಪತ್ರ ಕೆಳಗಿಟ್ಟು ಎರಡೂ ಕೈ ಎತ್ತಿದಳು.

ಹಿಂದಿನ ಸಾಲಿನಲ್ಲಿ ಯಾರೋ ಸೀಟಿ ಊದಿದರು.

ಕುರ್ಚಿಯ ಮೇಲೆ ಬಾಲಿನ ಗುರುತು ಬೆಳ್ಳಗೆ, ದುಂಡಗೆ ಉಳಿದಿತ್ತು. ಅವನು ಶಾಲಿನ ತುದಿಯಿಂದ ಒರೆಸಲು ಹೋದ.

"ತಡಿ, ಸೀರೆಗೆ ಸುಣ್ಣ ಆಗ್ತು."

"ಆಗ್ಲಿ," ಎಂದಳು ನೀಲಾ. ಕೂತಳು.