ಕೊಕ್ಕರೆ ಗೋಡೆ

"ಕಾಫಿ ಆಮ್ಯಾಲ ಕುಡೀವಂತ್ರಿ! ಮೊದ್ಲ ಈ ಗೋಡಿ ನೋಡ್ರಿ!"

ಹೆಣ್ಣು ನೋಡಲು ಕಂಪ್ಲಿಯಿಂದ ಬಂದವರೆಲ್ಲ ಬೆಕ್ಕಸಬೆರಗಾದರು. ತಲೆ ತಗ್ಗಿಸಿ ತಟ್ಟೆ ಹಿಡಿದು ಬರಬೇಕಾದ ಚೆನ್ನಬಸಮ್ಮ ಸೆರಗು ಸಿಕ್ಕಿಸಿಕೊಂಡು ವರ ಮರುಳಸಿದ್ದಪ್ಪನ ಎದುರು ನಿಂತಿದ್ದಳು. ಮದ್ರಾಸ್ ಸರ್ಕಾರದ ಆ ಕಾಲದಲ್ಲಿ, ಎಮ್ಮಿಗನೂರಿನಂಥ ಊರಲ್ಲಿ, ಹೆಣ್ಣುಮಗಳಿಗೆ ಇಷ್ಟು ಬಾಯಿಯೇ!

ಪಡಸಾಲೆಯ ಗೋಡೆ ತುಂಬ ಒಂದು ಹುಣಸೆಮರ. ಸಂಡೂರಿನ ಕೆಮ್ಮಣ್ಣಿನ ನೆಲ, ನಿಜವಾದ ತೊಗಟೆ ಮೆತ್ತಿದ ಬೊಡ್ಡೆ, ಒಲೆಯ ಮಸಿಯ ಕೊಂಬೆ. ಕೊಂಬೆಗಳಲ್ಲಿ ಗೂಡಿನ ಕಡ್ಡಿ, ಒಡೆದ ಮೊಟ್ಟೆಯ ಚಿಪ್ಪು, ಸತ್ತ ಕೊಕ್ಕರೆಗಳ ಗರಿ. ಎಲ್ಲವನ್ನೂ ಹುಣಸೆಬೀಜದ ಅಂಟಿನಿಂದ ಅವಳೇ ಹಚ್ಚಿದ್ದಳು. ಬುಡದಲ್ಲಿ ಕೊಡಲಿ ಹಿಡಿದ ಒಬ್ಬ ಮನುಷ್ಯ. ಅವನಿಗೆ ಮುಖವಿರಲಿಲ್ಲ.

"ಆ ಮುಖ ನಿಮ್ದು! ನೋಡಿ ಬರೀಬೇಕಂತ ಖಾಲಿ ಬಿಟ್ಟೀನಿ. ನಮ್ಮ ಹಿತ್ತಲದ ಮರ ನಿಮ್ಮ ಕಬ್ಬಿನ ಗಾಣದ ಬೆಲ್ಲದ ಒಲಿಗೆ ಹೋತಲ್ರಿ... ಗೂಡಿನ್ಯಾಗಿನ ಮರಿ ಕಣ್ಣಿಗೆ ಕಾಣಲಿಲ್ಲೇನು?"

ಅವಳ ಅಪ್ಪ ಕೊಟ್ರಬಸಪ್ಪನ ಮುಖ ಬಿಳಿಚಿಕೊಂಡಿತು. ಮರುಳಸಿದ್ದಪ್ಪ ಅವನನ್ನೊಮ್ಮೆ ನೋಡಿದ.

"ತಪ್ಪಾತ್ರಿ."

ಅಷ್ಟೇ! ಎದ್ದು ಹೋಗೇಬಿಟ್ಟ.

ತಪ್ಪಾಯ್ತಂತೆ! ಮರ ವಾಪಸ್ ಬರುತ್ತದೇನು? ಚೆನ್ನಬಸಮ್ಮನ ಮೈಯೆಲ್ಲ ಉರಿಯುತ್ತಿತ್ತು. ಆದರೂ ಬೈಸಿಕೊಂಡೂ ಸಿಟ್ಟಾಗದ ಆ ಕಣ್ಣುಗಳು ಯಾಕೋ ಮನಸ್ಸಿನಿಂದ ಹೋಗಲೇ ಇಲ್ಲ...

ಬೀಗರ ಬಂಡಿ ಓಣಿ ದಾಟಿದ್ದೇ ತಡ, ಸೋದರತ್ತೆ ತಾಯಕ್ಕ ರೇಗಿದಳು.

"ಲೇ ಹುಚ್ಚಿ! ಕಡಿಸಿದ್ದು ನಿಮ್ಮಪ್ಪ! ಕೊಕ್ಕರೆ ಹಿಕ್ಕಿ ಬಿದ್ದು ಮನಿಯೆಲ್ಲ ನಾರತೈತಿ, ಬೀಗರು ಬರೋದ್ರಾಗ ಚೊಕ್ಕ ಆಗ್ಲಿ ಅಂತ. ನೀ ಸಂಡೂರಿಗೆ ಹೋದಾಗ ಕಡಿಸಿ, ತಾನೇ ಕಟಗಿ ಹೇರಿ ಕಳಿಸಿದ. ಆ ಹುಡುಗ ಕೇಳಿರ್ಲೇ ಇಲ್ಲ!"

ಚೆನ್ನಬಸಮ್ಮ ಅಪ್ಪನತ್ತ ತಿರುಗಿದಳು.

"ನನ್ನ ಮದಿವಿ ಸಲುವಾಗಿ ಕಡಿಸಿದ್ಯಾ? ಅವ್ರು ಬೈಸ್ಕೊಳ್ಳಾವಾಗ ಬಾಯಿನೂ ಬಿಡ್ಲಿಲ್ಲಲ್ಲಪ್ಪಾ!"

ಕೊಟ್ರಬಸಪ್ಪ ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಂಡ. ಅವಳಿಗೆ ಕನಿಕರ ಬರಲಿಲ್ಲ. ಅಂದಿನಿಂದ ಅಪ್ಪನ ಜೊತೆ ಮಾತೇ ಬಿಟ್ಟಳು.

ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ ಮರುಳಸಿದ್ದಪ್ಪ ಒಬ್ಬನೇ ಬಂದ.

"ಅಪ್ಪಂದು ತಪ್ಪಿತ್ತು, ನೀವ್ಯಾಕ ಹೊತ್ಕೊಂಡ್ರಿ?" ಅವಳು ಬಾಗಿಲಲ್ಲೇ ಸಿಡುಕಿದಳು. "ನನ್ನ ಮಳ್ಳಿ ಮಾಡಿದ್ರಿ!"

"ಎಲ್ಲಾರ ಮುಂದ ನಿಮ್ಮಪ್ಪನ ಮಾನ ಹೋಗಬಾರ್ದಂತ... ಮತ್ತ ಉರಿಸಿದ್ದು ನನ್ನ ಒಲೀನ ಅಲ್ಲೇನು?"

ಅವನು ಕೈಯಲ್ಲಿದ್ದ ವಸ್ತ್ರದ ಗಂಟು ಬಿಚ್ಚಿದ. ಒಳಗೆ ಒಂದೇ ಒಂದು ಗರಿ.

"ಕಟಗಿ ಬಂಡ್ಯಾಗ ಒಂದು ಮರಿ ಜೀವಂತ ಇತ್ತು. ಕಾಲುವಿ ಮೀನ ತಿನ್ನಿಸಿ ಬೆಳೆಸಿದೆ. ನಿನ್ನೆ ಹಾರಿ ಹೋತು. ನಿನ್ನ ಗೋಡಿಗೆ ಬರೇ ಸತ್ತವುಗಳ ಗರಿ ಅದಾವು. ಇದು ಹಂಗಲ್ಲ... ಹಾರಾವಾಗ ಉದುರಿದ್ದು."

ಅವಳ ಕಣ್ಣು ತುಂಬಿ ಬಂತು. ಗರಿಗೆ ಅಂಟು ಸವರಿ, ಮರಕ್ಕಿಂತ ಮೇಲೆ, ಆಕಾಶವಿರುವಲ್ಲಿ ಹಚ್ಚಿದಳು.

"ಆ ಮುಖ ಯಾವಾಗ ಬರೀತಿ?"

"ಯಾರದ್ದಂತ ಬರೀಲಿ? ಕಡಿಸಿದ್ದು ಅಪ್ಪ, ಉರಿಸಿದ್ದು ನೀವು, ಎಲ್ಲಾ ನನ್ನ ಮದಿವಿ ಸಲುವಾಗಿ. ಖಾಲೀನ ಇರ್ಲಿ. ನನ್ನ ಸಿಟ್ಟು ಇನ್ನೂ ಹೋಗಿಲ್ಲ, ತಿಳೀತಾ?"

"ಹೋಗೋದು ಬ್ಯಾಡ! ಆ ಸಿಟ್ಟು ನೋಡೇ ನಾ ಮನಸ್ಸು ಕೊಟ್ಟಿದ್ದು. ನಮ್ಮನಿ ಗೋಡಿ ಭಾಳ ದೊಡ್ಡದೈತಿ, ಬರ್ತೀಯೇನು?"

"ಒಲಿಗೆ ಏನು ಹಾಕ್ತೀರಿ, ಅದನ್ನ ಮೊದ್ಲ ಹೇಳ್ರಿ!"

"ಒಣಗಿದ ಕಬ್ಬಿನ ಸಿಪ್ಪಿ... ಬರೇ ಸಿಪ್ಪಿ! ನಿನ್ನಾಣೆ!"

ಅವಳು ನಕ್ಕಳು. ಎಷ್ಟೋ ದಿನಗಳ ಮೇಲೆ ಒಳಮನೆಯತ್ತ ಕೂಗಿದಳು.

"ಅಪ್ಪಾ... ಯಾರು ಬಂದಾರ ನೋಡ ಬಾ!"

ಆಮೇಲೆ ಅವನತ್ತ ತಿರುಗಿ ಮೆಲ್ಲಗೆ ಅಂದಳು, "ಕುಂದ್ರಿ. ಅವತ್ತಿನ ಕಾಫಿ ಹಂಗ ಉಳದೈತಿ."