ಕೆರೆಗೆ ಬಿಟ್ಟ ಎಡೆ

೧೯೬೪ರ ಮೇ ತಿಂಗಳು, ಬೆಳಿಗ್ಗೆ ಎಂಟು ಗಂಟೆ. ದಿಬ್ಬೂರಹಳ್ಳಿ ಕೆರೆಯ ಮೀನು ಗುತ್ತಿಗೆದಾರ ನಲ್ಲಪ್ಪ ಸತ್ತ ಮೀನೊಂದನ್ನು ಎಲೆಯಲ್ಲಿ ಸುತ್ತಿಕೊಂಡು ಶಿಡ್ಲಘಟ್ಟ ಠಾಣೆಗೆ ಬಂದ.

"ಯಾವನೋ ಕೆರೆಗೆ ಎಂಡ್ರಿನ್ ವಿಷ ಸುರ್ದವ್ನೆ, ಸ್ವಾಮಿ. ಒಂದು ಮೀನೂ ಉಳಿದಿಲ್ಲ. ನೀರು ಕುಡಿದ ಕುರಿಗಳೂ ಹೋದ್ವು."

"ಯಾರ ಮೇಲೆ ಅನುಮಾನ?" ಸಬ್ ಇನ್‌ಸ್ಪೆಕ್ಟರ್ ಅನಂತರಾಮಯ್ಯ ಕೇಳಿದರು.

"ಇಡೀ ಊರಿನ ಮೇಲೇ. ಬಿಟ್ಟಿ ಮೀನು ಕೇಳ್ದೋರಿಗೆಲ್ಲ ಇಲ್ಲ ಅಂದಿದ್ದೆ."

"ಊರನ್ನೇ ಲಾಕಪ್ಪಿಗೆ ಹಾಕಿದ್ರೆ ಕಾವಲಿಗೆ ನೀನೇ ನಿಲ್ಬೇಕಾಗುತ್ತೆ ಕಣಪ್ಪ," ಎಂದ ಪೇದೆ ಮುನಿವೆಂಕಟಪ್ಪ.

ಎಫ್.ಐ.ಆರ್. ದಾಖಲಾಯಿತು.

ಕೆರೆಯ ನೀರು ಬಣ್ಣ ಕದಡಿದಂತೆ ದಟ್ಟ ಹಸಿರಾಗಿತ್ತು. ದಡದುದ್ದಕ್ಕೂ ಹೊಟ್ಟೆ ಮೇಲಾದ ಮೀನು. ತೂಬಿನ ಬಳಿ, ನೂಲು ಬಿಚ್ಚಿದ ರೇಷ್ಮೆಗೂಡಿನ ಹುಳುಗಳು ರಾಶಿ ಬಿದ್ದು ಕೊಳೆತಿದ್ದವು. ಪಂಚನಾಮೆ ನಡೆಸಿ, ನೀರನ್ನೂ ಮೀನನ್ನೂ ಪರೀಕ್ಷೆಗೆ ಕಳಿಸಿದರು.

ಎಂಡ್ರಿನ್ ಸಿಗಲಿಲ್ಲ. ವರದಿ ತಂದ ಮೀನುಗಾರಿಕೆ ಅಧಿಕಾರಿ ಹೇಳಿದರು: "ಕೊಳೆತ ಹುಳದ ಸಾರಕ್ಕೆ ಪಾಚಿ ಹೆಚ್ಚಿದೆ. ಕುರಿ ಸತ್ತದ್ದು ಆ ಪಾಚಿಯ ವಿಷಕ್ಕೇ ಇರಬೇಕು. ರಾತ್ರಿಯೆಲ್ಲ ಪಾಚಿಯೇ ಉಸಿರೆಳೆದು, ಬೆಳಗಾಗೋ ಹೊತ್ತಿಗೆ ನೀರಲ್ಲಿ ಗಾಳಿ ಇರಲ್ಲ. ಮೀನು ಮೇಲಕ್ಕೆ ಬಂದು ಬಾಯಿ ಬಿಟ್ಟು ಬಿಟ್ಟು ಸಾಯ್ತವೆ."

ಮುನಿವೆಂಕಟಪ್ಪ ನೂಲು ಬಿಚ್ಚುವ ಶೆಡ್ಡಿನಲ್ಲಿ ವಿಚಾರಿಸಿದ. "ಹುಳ ಯಾರು ಒಯ್ತಾರೆ?"

"ಅಕ್ಕಯಮ್ಮ. ಕೋಳಿಗೆ ಅಂತಾಳೆ."

"ಆಯಮ್ಮನ ಮನೇಲಿ ಒಂದು ಕೋಳಿನೂ ಇಲ್ವಲ್ಲಪ್ಪ!" ಎಂದ ಪಕ್ಕದಲ್ಲಿದ್ದ ಆಳು.

ಅಕ್ಕಯಮ್ಮ ಹೊಸಿಲ ಮೇಲೆ ಕೂತಿದ್ದಳು. ಪೊಲೀಸರನ್ನು ಕಂಡು ಎದ್ದು ನಿಂತಳು.

"ಕೆರೆಗೆ ಹುಳ ಹಾಕಿದ್ದು ನೀನೇನಮ್ಮ?"

"ಹೂಂ, ನಾನೇ. ವಿಷ ಹಾಕಿದೋನು ಸಿಕ್ಕಿದ್ನಾ, ಸ್ವಾಮಿ?"

ಅನಂತರಾಮಯ್ಯ ಮುಂದಿನ ಪ್ರಶ್ನೆ ಕೇಳಿದರು: "ಯಾಕೆ ಹಾಕ್ದೆ?"

"ಹೋದ ವರ್ಷ ನನ್ನ ಮಗ ಓಬಳೇಶ ಆ ತೂಬಿನ ಹತ್ರಾನೇ ಮುಳುಗೋದ. ತಿಥಿ ದಿನ ಎಡೆ ಇಟ್ರೆ ಕಾಗೆ ಮುಟ್ಲೇ ಇಲ್ಲ. ಎಷ್ಟು ಕರೆದೆ! ಸಂಜೆ ತಗೊಂಡೋಗಿ ಕೆರೆಗೆ ಬಿಟ್ಟೆ. ಮೀನು ಓಡೋಡಿ ಬಂದು ತಿಂದ್ವು. ಅಲ್ಲೇ ಅವ್ನೆ ನನ್ನ ಮಗ ಅಂದ್ಕೊಂಡೆ. ದಿನಾ ಅನ್ನ ಎಲ್ಲಿಂದ ತರ್ಲಿ? ಹುಳ ಹಾಕ್ತಾ ಬಂದೆ."

"ಕೊನೆಕೊನೆಗೆ ಏನಾಯ್ತು?"

"ಬೆಳಿಗ್ಗೆ ಹೋದ್ರೆ ಎಲ್ಲಾ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡ್ತಿದ್ವು. ಹಸ್ಕೊಂಡವ್ನೆ ಅಂತ ಇನ್ನೊಂದು ಬುಟ್ಟಿ ಹಾಕ್ದೆ."

ನಾಳೆ ನ್ಯಾಯಾಲಯದಲ್ಲಿ ಯಾರೋ ಪರೀಕ್ಷೆಯ ವರದಿ ಓದಿ ಹೇಳುವ ಬದಲು ತಾವೇ ಹೇಳುವುದು ಮೇಲೆನಿಸಿತು ಅನಂತರಾಮಯ್ಯನವರಿಗೆ. ಟೋಪಿ ತೆಗೆದು, ಹೊಸಿಲ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ನಿಧಾನವಾಗಿ ಎಲ್ಲವನ್ನೂ ಹೇಳಿದರು.

"ಹಸಿವಲ್ವಾ ಅದು?"

"ಅಲ್ಲಮ್ಮ. ಉಸಿರು."

ಅವಳು ಮತ್ತೆ ಹೊಸಿಲ ಮೇಲೆ ಕೂತಳು.

"ಹಂಗಾದ್ರೆ ಎರಡು ಸಲಾನೂ ಉಸಿರು ಕಟ್ಟೇ ಹೋದ್ನಾ ನನ್ನ ಮಗ?"

ಜನರು ಬಳಸುವ ನೀರನ್ನು ಕೆಡಿಸಿದ ಆರೋಪದ ಮೇಲೆ ಅಕ್ಕಯಮ್ಮನನ್ನು ದಸ್ತಗಿರಿ ಮಾಡಲಾಯಿತು. ದ್ವೇಷ ಕಂಡುಬಂದಿಲ್ಲ, ಮೃತ ಮಗನಿಗೆ ಉಣಿಸುವ ಸಲುವಾಗಿ ನಡೆದದ್ದು ಎಂದು ಅನಂತರಾಮಯ್ಯ ವರದಿ ಬರೆದರು. ಅದನ್ನು ಠಾಣೆಯಲ್ಲಿ ಕೇಳಿ, ಅಂದೇ ಜಾಮೀನಿಗೆ ನಿಂತವನು ದೂರು ಕೊಟ್ಟಿದ್ದ ನಲ್ಲಪ್ಪನೇ. ಊರಿಗೆ ಹಿಂತಿರುಗುವಾಗ ಅವಳು ಕೆರೆ ಏರಿಯ ಮೇಲಿನ ಹತ್ತಿರದ ದಾರಿ ಬಿಟ್ಟು, ಹೊಲಗಳ ಸುತ್ತು ಹಾದಿ ಹಿಡಿದಳು. ಅವನೂ ಅವಳ ಹಿಂದೆಯೇ ನಡೆದ.